ಬೆಲ್ಲ ಸಕ್ಕರೆಯಲ್ಲ ಎಂದ ನಮ್ಮ ಭಾವ

ನನ್ನ ಅಕ್ಕನನ್ನು ಹೊನ್ನಾಳಿಗೆ ಕೊಟ್ಟಿದ್ದಾರೆ. ಭಾವನದು ಅಲ್ಲಿ ಗೊಬ್ಬರ, ಕೀಟನಾಶಕದ ಅಂಗಡಿ. ಊರಿನ ಹೊಲಕ್ಕೆಲ್ಲ ವಿಷ ಮಾರುವವರು ಸ್ವಂತ ಊಟದ ವಿಷಯದಲ್ಲಿ ಮಾತ್ರ ಋಷಿ. ಮೊಬೈಲಿನಲ್ಲಿ ಯಾರದೋ ಆರೋಗ್ಯ ಭಾಷಣ ಕೇಳಿದ್ದೇ ತಡ, ಮನೆಯಿಂದ ತುಪ್ಪ, ಬೆಣ್ಣೆ, ಶೇಂಗಾ ಚಟ್ನಿ ಎಲ್ಲ ಗಡಿಪಾರಾದವು. ಸಕ್ಕರೆಯೂ ಹೋಯಿತು. ಆದರೆ ಅದರ ಜಾಗಕ್ಕೆ ಬೆಲ್ಲ ಬಂತು, ಜೊತೆಗೆ ಜೇನುತುಪ್ಪ, ಖರ್ಜೂರ.

"ಬೆಲ್ಲ ಸಕ್ಕರೆ ಅಲ್ಲ ಕಣಮ್ಮ, ಔಷಧಿ. ಜಿಡ್ಡು ತಿನ್ನೋರಿಗೆ ಮಾತ್ರ ಬೊಜ್ಜು ಬರ್ತೈತೆ," ಎಂದು ನನಗೂ ಪಾಠ ಹೇಳಿದರು. ಹೇಳುತ್ತಲೇ ಒಂದು ಅಚ್ಚು ಬೆಲ್ಲ ಕಡಿದು ಮುಗಿಸಿದರು.

ಅಕ್ಕ ಮೊದಲಿನಿಂದಲೂ ದಪ್ಪ. ಭಾವನ ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಅಂಗಿಯ ಗುಂಡಿಗಳನ್ನು ಪರೀಕ್ಷೆಗೆ ಒಡ್ಡುವಂಥದ್ದು. ಆದರೂ ಊರವರ ಕಣ್ಣಿನಲ್ಲಿ ದಪ್ಪ ಇದ್ದವಳು ಅಕ್ಕ ಒಬ್ಬಳೇ. ಗಂಡಸಿನ ಹೊಟ್ಟೆಯನ್ನು ನಮ್ಮ ಕಡೆ ಅನುಕೂಲಸ್ಥರ ಲಕ್ಷಣ ಎನ್ನುತ್ತಾರೆ.

ಹೋದ ವರ್ಷ ನ್ಯಾಮತಿಯಲ್ಲಿ ನೆಂಟರ ಮದುವೆ. ನಾನೂ ಚನ್ನಗಿರಿಯಿಂದ ಹೋಗಿದ್ದೆ. ಹೋಳಿಗೆ ಬಡಿಸಿದ ಮೇಲೆ ತುಪ್ಪದವರು ಬಂದರು. ಭಾವ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, "ತುಪ್ಪ ಬ್ಯಾಡ್ರೀ, ಪಾಯಸ ಹಾಕ್ರಿ," ಎಂದರು. ಅಕ್ಕ ಒಂದು ಚಮಚ ತುಪ್ಪ ಹಾಕಿಸಿಕೊಂಡಳು.

"ನೋಡ್ರಿ, ಇದಕ್ಕೇ ಇವಳು ಹಿಂಗಾಗಿರೋದು," ಎಂದು ಭಾವ ಸಾಲಿಗೆಲ್ಲ ಕೇಳುವಂತೆ ಹೇಳಿದರು. ಜನ ನಕ್ಕರು. ಅಕ್ಕನ ಕೈ ಎಲೆಯ ಮೇಲೇ ನಿಂತುಹೋಯಿತು.

ನನಗೆ ತಡೆಯಲಾಗಲಿಲ್ಲ. "ಭಾವ, ಹೊಟ್ಟೆ ಇಕ್ಕಟ್ಟಾಗ್ತೈತೇನೋ, ಟೇಬಲ್ ಸ್ವಲ್ಪ ಮುಂದಕ್ಕೆ ತಳ್ಳಲಾ?" ಎಂದೆ. ಈ ಸಲ ಯಾರೂ ನಗಲಿಲ್ಲ.

ವಾಪಸು ಬರುವಾಗ ಬಸ್ ನಿಲ್ದಾಣದಲ್ಲಿ ಅಕ್ಕ ಗಂಡನಿಗೆ ನೇರವಾಗಿ ಹೇಳಿದಳು: "ಇಬ್ರೂ ಹೋಗಿ ರಕ್ತ ಪರೀಕ್ಷೆ ಮಾಡಿಸಾನ. ನಂದೇ ತಪ್ಪಿದ್ರೆ ಇನ್ನು ತುಪ್ಪ ಮುಟ್ಟಾಕಿಲ್ಲ." ಹೆಂಡತಿಯ ಸೋಲನ್ನು ಕಣ್ಣಾರೆ ನೋಡುವ ಆಸೆಗೆ ಭಾವ ಒಪ್ಪಿದರು. ಶಿವಮೊಗ್ಗದ ಆಸ್ಪತ್ರೆಗೆ ನನ್ನನ್ನೂ ಜೊತೆಗೆ ಕರೆದರು, ಸಾಕ್ಷಿ ಬೇಕಲ್ಲ.

ಡಾಕ್ಟರಮ್ಮ ಎರಡೂ ರಿಪೋರ್ಟು ನೋಡಿದರು. ಭಾವನಿಗೆ ಸಕ್ಕರೆ ಕಾಯಿಲೆ ಬಂದಾಗಿತ್ತು. ರಕ್ತದಲ್ಲಿ ಕೊಬ್ಬು ಹೆಚ್ಚು, ಸ್ಕ್ಯಾನ್ ಮಾಡಿಸಿದರೆ ಲಿವರಿನಲ್ಲೂ ಕೊಬ್ಬು.

"ಕೊಬ್ಬು ತಿನ್ನೋದೇ ಬಿಟ್ಟೀನಲ್ರೀ, ಎಲ್ಲಿಂದ ಬಂತು?" ಭಾವನ ದನಿಯಲ್ಲಿ ಪ್ರಯೋಗಾಲಯದ ಮೇಲೆ ಕೇಸು ಹಾಕುವಷ್ಟು ಸಿಟ್ಟಿತ್ತು.

"ದಿನಾ ಏನೇನು ತಗೊಳ್ತೀರಿ, ಹೇಳಿ."

ಭಾವ ಹೆಮ್ಮೆಯಿಂದಲೇ ಹೇಳಿದರು. ಬೆಲ್ಲದ ಪಾನಕ, ಬೆಲ್ಲದ ಅವಲಕ್ಕಿ, ಖರ್ಜೂರ, ಹಣ್ಣಿನ ರಸ, ರಾತ್ರಿ ಮಲಗುವಾಗ ಜೇನುತುಪ್ಪ.

"ಹೆಸರು ಬೇರೆ ಬೇರೆ, ಹೊಟ್ಟೆಗೆ ಇಳಿದ ಮೇಲೆ ಹೆಚ್ಚುಕಡಿಮೆ ಎಲ್ಲ ಸಕ್ಕರೆನೇ. ಮಿಕ್ಕಿದ್ದನ್ನ ಲಿವರ್ ಕೊಬ್ಬಾಗಿ ಮಾಡುತ್ತೆ. ನೀವು ತಿಂದಿದ್ದಲ್ಲ ಸ್ವಾಮಿ, ಒಳಗೇ ತಯಾರಾಗಿದ್ದು."

ಅಕ್ಕನಿಗೆ ಸಕ್ಕರೆ ಇನ್ನೂ ಅಂಚಿನಲ್ಲಿತ್ತು. ಆದರೆ ಡಾಕ್ಟರಮ್ಮ ಅವಳನ್ನೂ ಬಿಡಲಿಲ್ಲ. ತೂಕ ಇಳಿಯಲೇಬೇಕು, ಮೊಣಕಾಲಿನ ಮೇಲೆ ಭಾರ ಬಿದ್ದಿದೆ, ಚಮಚ ತುಪ್ಪಕ್ಕಿಂತ ಕರಿದ ತಿಂಡಿ ಮೊದಲು ನಿಲ್ಲಿಸಿ ಎಂದರು.

"ಸಂಜಿ ಮಂಡಕ್ಕಿ ಜೊತೆ ಮಿರ್ಚಿ ತಿಂತೀನ್ರೀ," ಎಂದು ಅಕ್ಕ ತಾನಾಗಿ ಒಪ್ಪಿಕೊಂಡಳು. ಆ ಕೋಣೆಯಲ್ಲಿ ಏನನ್ನಾದರೂ ಒಪ್ಪಿಕೊಂಡವಳು ಅವಳೊಬ್ಬಳೇ.

ಈಗ ಅವಳು ನಸುಕಿನಲ್ಲಿ ಓಣಿಯ ಹೆಂಗಸರ ಜೊತೆ ಹೊಳೆದಂಡೆ ತನಕ ನಡೆಯುತ್ತಾಳೆ. ತೂಕ ಇಳಿದಿದ್ದು ಸ್ವಲ್ಪವೇ. ಆದರೆ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುವುದಿಲ್ಲ. ಅಡುಗೆಗೆ ಏನು ಹಾಕಬೇಕೆಂದು ಗಂಡನನ್ನು ಕೇಳುವುದನ್ನೂ ಬಿಟ್ಟಿದ್ದಾಳೆ.

ಭಾವ ಬದಲಾದರು ಎಂದುಕೊಂಡರೆ ಅದು ನನ್ನ ದಡ್ಡತನ. ಮೊನ್ನೆ ಹೋದಾಗ ಅಂಗಡಿಯಲ್ಲಿ ಗಿರಾಕಿಗಳನ್ನು ಕೂರಿಸಿಕೊಂಡು ಹೊಸ ಉಪದೇಶ ಶುರುವಾಗಿತ್ತು. ಜಗಳೂರು ಕಡೆಯ ನವಣೆ ತಂದು ಉಂಡರೆ ಸಾಕಂತೆ, ಯಾವ ರೋಗವೂ ಹತ್ತಿರ ಸುಳಿಯುವುದಿಲ್ಲವಂತೆ.

"ರಕ್ತ ಪರೀಕ್ಷೆ ಮಾಡಿಸ್ರಪ್ಪ. ನಮ್ಮ ಮನೆಯಾಕೆಗೆ ತಿಳುವಳಿಕೆ ಹೇಳಿ ನಾನೇ ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿದ್ದೆ," ಎಂದರು, ಸಾಕ್ಷಿಯಾಗಿ ಹೋಗಿದ್ದ ನಾನು ಎದುರಿಗೇ ನಿಂತಿರುವಾಗ. ರೈತರು ಭಕ್ತಿಯಿಂದ ತಲೆಯಾಡಿಸಿದರು.

ಅಂಗಡಿಯ ಹಿಂದೆಯೇ ಇರುವ ಮನೆಯಿಂದ ಅಕ್ಕನ ದನಿ ಬಂತು: "ರೀ, ಗುಳಿಗೆ ನುಂಗಿದ್ರಾ?"

ಭಾವ ನವಣೆಯ ಉಪದೇಶವನ್ನು ಅರ್ಧಕ್ಕೇ ಬಿಟ್ಟು ಎದ್ದು ಒಳಗೆ ಹೋದರು.