ಸಾಮುವೇಲಪ್ಪನ ಸ್ವಂತ ದನಿ

ಜೇವರ್ಗಿಯ ಚರ್ಚಿನಲ್ಲಿ ಕ್ರಿಸ್ಮಸ್ಸಿಗೂ ಗುಡ್ ಫ್ರೈಡೇಗೂ ಸೂತ್ರದ ಗೊಂಬೆ ಆಡಿಸುವ ಸಾಮುವೇಲಪ್ಪ ಸಂತೆಯಲ್ಲಿ ಬದನೆಕಾಯಿ ಕೊಳ್ಳುವುದು ಗಬ್ರಿಯೇಲ ದೂತನ ದನಿಯಲ್ಲಿ. "ಅಂಜಬ್ಯಾಡ್ರಿ, ಇನ್ನೊಂದೆರಡು ಹಾಕ್ರಿ" ಎಂದು ಆತ ರಾಗವಾಗಿ ಅಂದರೆ ಕಾಯಿಪಲ್ಲೆ ಮಾರುವ ನಜಮುನ್ನಿಸಾಳ ಕೈ ತಾನಾಗಿ ತಕ್ಕಡಿಗೆ ಹೋಗುತ್ತದೆ. ಬಸ್ಸಿನಲ್ಲಿ ಸೀಟಿಗಾಗಿ ಜಗಳಕ್ಕೆ ನಿಂತರೆ ಆತ ಹೆರೋದ ರಾಜ. ಮನೆಯಲ್ಲಿ ಹೆಂಡತಿ ಎಸ್ತೇರಮ್ಮನ ಮುಂದೆ, ಮದುವೆಯಾದಂದಿನಿಂದಲೂ, ಬಡಗಿ ಯೋಸೇಫ. ಮಾತಾಡುವಾಗ ಅವನ ಬೆರಳುಗಳು ಇಲ್ಲದ ದಾರವನ್ನು ಎಳೆಯುತ್ತಲೇ ಇರುತ್ತವೆ, ಎದುರಿಗಿದ್ದವರು ತಮಗೇ ಗೊತ್ತಿಲ್ಲದೆ ತಲೆಯಾಡಿಸುತ್ತಾರೆ. "ನಿಮ್ಮ ಖರೇ ದನಿ ಯಾವುದ್ರಿ?" ಎಂದು ಪಾಸ್ಟರು ಕೇಳಿದರೆ, "ಗೊಂಬಿ ಪೆಟಗ್ಯಾಗ ಅದರಿ" ಎಂದು ನಗುತ್ತಾನೆ. ಸ್ವಾಮಿಯನ್ನು ಹಿಡಿದುಕೊಟ್ಟ ಯೂದನಿಗೆ ದನಿಯಾಗಲು ಯಾರೂ ಒಪ್ಪದ್ದರಿಂದ, ಹರೆಯದಲ್ಲೇ ಆತ ತನ್ನ ಸ್ವಂತ ದನಿಯನ್ನು ಆ ಗೊಂಬೆಗೆ ಕೊಟ್ಟುಬಿಟ್ಟಿದ್ದ. ಅದು ಕೇಳಿದೊಡನೆ ಚರ್ಚಿನ ಮಕ್ಕಳು ತಾಯಂದಿರ ಸೆರಗಿನಲ್ಲಿ ಮುಖ ಹುದುಗಿಸುತ್ತವೆ. ಮೊನ್ನೆ ಜಡ್ಡಾಗಿ ಮಲಗಿದ ಎಸ್ತೇರಮ್ಮ ಅವನ ಕೈ ಹಿಡಿದುಕೊಂಡು, "ಒಂದ್ಸಲ ನಿಮ್ಮ ದನೀಲೇ ನನ್ನ ಹೆಸರು ಕರೀರಿ" ಎಂದಳು. ಸಾಮುವೇಲಪ್ಪ "ಎಸ್ತೇರಾ" ಎಂದ. ಆಕೆ ಹಿಡಿದಿದ್ದ ಕೈಯನ್ನು ಬಿಟ್ಟು, ತನ್ನ ಕೈಯನ್ನು ಹೊದ್ದ ಕೌದಿಯೊಳಗೆ ಎಳೆದುಕೊಂಡಳು.