ಹಣ್ಣಾದವರ ಬೀದಿಗೆ ಎರಡು ಕಾಯಿ

೧೯೯೭ರ ಮೇ ೧೧, ಭಾನುವಾರ, ಬೆಳಿಗ್ಗೆ ಹತ್ತೂಕಾಲು. ಹೊಳೆನರಸೀಪುರದ ಆ ಬೀದಿಗೆ ನಾವು ಮೊದಲು ಕಾಲಿಟ್ಟ ಹೊತ್ತು. ಆ ದಿನಗಳಲ್ಲಿ ಎಲ್ಲಕ್ಕೂ ತಾರೀಖು ಬರೆದಿಡುವುದು ನನ್ನ ಅಭ್ಯಾಸ.

ಆಗ ಅದನ್ನು ಪೆನ್ಷನ್ ಬೀದಿ ಎನ್ನುತ್ತಿದ್ದರು. ನೌಕರಿ ಮುಗಿಸಿದವರು ಸೇರಿ ಸೈಟು ಕೊಂಡು ಕಟ್ಟಿಕೊಂಡ ಮನೆಗಳು. ಶಾಲೆಗೆ ಹೋಗುವ ಮಕ್ಕಳಿದ್ದವರಿಗೆ ಬಾಡಿಗೆಗೆ ಕೊಡಬಾರದೆಂದು ಮಾತಾಡಿಕೊಂಡಿದ್ದರು. ಅಪ್ಪನಿಗೆ ಕೊಣನೂರಿನಿಂದ ವರ್ಗವಾಗಿತ್ತು. ಬೇರೆಲ್ಲೂ ಮನೆ ಸಿಕ್ಕಿರಲಿಲ್ಲ. ಇದೂ ತಪ್ಪಿದರೆ ಅಪ್ಪ ಒಬ್ಬರೇ ಇಲ್ಲಿ ರೂಮು ಮಾಡಬೇಕು, ನಾವು ಕೊಣನೂರಿನಲ್ಲೇ ಉಳಿಯಬೇಕು.

"ಮುದುಕ್ರ ಮಧ್ಯೆ ಮಕ್ಳು ಮಂಕಾಗ್ಬಿಡ್ತವೆ ಕಣ್ರೀ," ಎಂದಿದ್ದರು ಅಮ್ಮ, ಬರುವಾಗ ಬಸ್ಸಿನಲ್ಲಿ.

"ಮೊದ್ಲು ಮನೆ ಸಿಗ್ಲಿ ಸುಮ್ನಿರು. ಲೇ, ಅಲ್ಲಿ ನೀವಿಬ್ರೂ ಬಾಯಿ ಬಿಡ್ಕೂಡದು," ಎಂದರು ಅಪ್ಪ, ನನಗೂ ತಮ್ಮ ಮಂಜುಗೂ.

ಎಲ್ಲರೂ 'ಮಿಸ್' ಎನ್ನುತ್ತಿದ್ದ ನಿವೃತ್ತ ಹೆಡ್‌ಮಿಸ್ಟ್ರೆಸ್ ಮನೆಯ ಜಗಲಿ. ಒಳಗಿನಿಂದ ಹಲಸಿನ ಹಣ್ಣಿನ ಘಮ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಚೌಕಾಬಾರದ ಮನೆಗಳು. ಆ ಆಟದಲ್ಲಿ ನಡುಮನೆ ಸೇರಿದ ಕಾಯಿ ಹಣ್ಣು, ಅದಕ್ಕೆ ಮತ್ತೆ ಓಡಾಟವಿಲ್ಲ. ಮಿಸ್ ಎದುರಿಗೆ ಆಡುತ್ತಿದ್ದವರು ಗೌಡರು. ಬಸ್ ಕಂಡಕ್ಟರ್ ಆಗಿದ್ದವರು. ಖಾಲಿ ಮನೆ ಅವರದೇ.

"ಐಕ್ಳಿದ್ರೆ ಕಷ್ಟ ಕಣ್ ಸಾ. ಮದ್ಯಾನ ಕಣ್ಮುಚ್ಚಕ್ಕಾಗಕಿಲ್ಲ," ಎಂದು ಅಪ್ಪನಿಗೆ ಹೇಳುತ್ತಲೇ ಗೌಡರು ಕವಡೆ ಎಸೆದು, ತಮ್ಮ ಹುಣಿಸೆಬೀಜವನ್ನು ಒಳಸುತ್ತಿಗೆ ದಾಟಿಸಿದರು.

ಕೈಕಟ್ಟಿ ಕೂತಿದ್ದ ಮಂಜು ಎದ್ದೇಬಿಟ್ಟ. "ತಾತ, ಕಳ್ಳಾಟ! ನೀವಿನ್ನೂ ಯಾರ್ ಕಾಯಿನೂ ಹೊಡ್ದಿಲ್ಲ. ಒಳಗೆ ಹೋಗಂಗಿಲ್ಲ!"

ಅಪ್ಪ ಕಣ್ಣು ಮುಚ್ಚಿಕೊಂಡರು. ಮನೆ ಹೋಯಿತು ಎಂದುಕೊಂಡೆ.

"ಎಲಾ ಇವ್ನ! ಟಿಕೇಟಿಲ್ದೆ ಅತ್ತಿರೋನು ನೀನು, ಇಳ್ಸಕ್ ಬಂದಿರೋದು ನನ್ನಾ?" ಎಂದರು ಗೌಡರು.

ಮಿಸ್ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. "ದಿನಾ ಹೇಳ್ತಿದ್ದೆ, ಇವತ್ತು ಸಾಕ್ಷಿ ಸಿಕ್ತು. ಗೌಡ್ರೇ, ಈ ಬೀದೀಲಿ ನಾವೆಲ್ಲ ಹಣ್ಣಾಗಿ ಕೂತಿದೀವಿ. ಓಡಾಡಕ್ಕೆ ಒಂದೆರಡು ಕಾಯಾದ್ರೂ ಬೇಡ್ವೇ? ಇಲ್ದಿದ್ರೆ ಆಟ ಮುಗೀತು ಅಂತ್ಲೇ ಅರ್ಥ."

ಗೌಡರು ಹುಣಿಸೆಬೀಜ ಹಿಂದಕ್ಕಿಟ್ಟರು. ಆಮೇಲೆ ಸೊಂಟದಿಂದ ಬೀಗದಕೈ ತೆಗೆದು ಅಪ್ಪನ ಕೈಗಲ್ಲ, ಮಂಜುವಿನ ಕೈಗೆ ಕೊಟ್ಟರು. "ಓಗ್ಲಾ, ಮನೆ ನೋಡ್ಕೊಂಡ್ ಬಾ."

ಆರು ವರ್ಷ ಅಲ್ಲಿದ್ದೆವು. ನಾವು ಮಂಕಾಗಲಿಲ್ಲ. ಲೆಕ್ಕ, ವ್ಯಾಕರಣ, ಸೋತಾಗ ಮುಖ ಊದಿಸಿಕೊಳ್ಳದಿರುವುದು, ಎಲ್ಲವನ್ನೂ ಕಲಿತದ್ದು ಆ ಜಗಲಿಯಲ್ಲೇ. ಅಷ್ಟು ಬಿಡುವಾಗಿ ಮಕ್ಕಳ ಮಾತು ಕೇಳಿದ ದೊಡ್ಡವರನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಈಗ ಗೌಡರಿಲ್ಲ, ಮಿಸ್ ಇಲ್ಲ. ಜಗಲಿಗಳಿದ್ದ ಕಡೆ ಎತ್ತರದ ಗೇಟುಗಳಿವೆ. ಗೌಡರು ಕಾಯಿ ನಡೆಸುವಾಗ ಒಂದು, ಎರಡು ಎಂದು ಮನೆ ಎಣಿಸುತ್ತಿರಲಿಲ್ಲ. ಅರಕಲಗೂಡಿನಿಂದ ಹೊಳೆನರಸೀಪುರದವರೆಗೆ ತಮ್ಮ ಬಸ್ಸಿನ ಸ್ಟಾಪುಗಳನ್ನು ಮನೆಗೊಂದರಂತೆ ಕೂಗುತ್ತಿದ್ದರು. ಮೊನ್ನೆ ಆ ಸ್ಟಾಪುಗಳನ್ನು ಬರೆಯಲು ಕೂತೆ. ಆಲದಮರದ ಸ್ಟಾಪಿನವರೆಗೆ ಸರಿಯಾಗಿ ಬಂತು, ಮುಂದಿನದು ಹೊಳೆಯಲಿಲ್ಲ. ಆ ದಾರಿಯ ಹಳೆಯ ಬಸ್ಸುಗಳಲ್ಲಿ ಓಡಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ. ನನ್ನ ಕಾಯಿ ಅಲ್ಲೇ ನಿಂತಿದೆ.