ಹಿರೀ ಸವತಿಯ ವಯಸ್ಸು

ಒಣಗಿ ಗಟ್ಟಿಯಾಗಿದ್ದ ಕುಂಕುಮವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಂತೆ, ಅಜ್ಜನ ಹಳೆಯ ಏರ್ ಪಿಸ್ತೂಲಿನ ಬದಿಯಲ್ಲಿ ಅದು ತಯಾರಾದ ತಿಂಗಳು, ಇಸವಿ ಕಾಣಿಸಿದವು. ಲೆಕ್ಕ ಹಾಕಿದೆ. ಅಜ್ಜಿಯ ಮದುವೆಯಾಗಿ ಮೂರು ವರ್ಷದ ನಂತರದ್ದು!

ಗುರಿ ಹೊಡೆಯುವ ಹುಚ್ಚಿದ್ದ ಅಜ್ಜ ಅದನ್ನು ಭದ್ರಾವತಿಯ ಈ ಮನೆಗೆ ತಂದಾಗ, "ಮದುವೆಗೆ ಮುಂಚಿನದು, ಗೆಳೆಯನ ಹತ್ರ ಇತ್ತು" ಎಂದಿದ್ದರಂತೆ. ತನಗಿಂತ ಮೊದಲೇ ಅಜ್ಜನ ಕೈಹಿಡಿದವಳೆಂದು ಅಜ್ಜಿ ಅದನ್ನು 'ಹಿರೀ ಸವತಿ' ಎನ್ನುತ್ತಿದ್ದರು. ಅಜ್ಜ ತೀರಿಕೊಂಡ ಮೇಲೂ ಆಯುಧಪೂಜೆಯಲ್ಲಿ ಮೊದಲ ಕುಂಕುಮ ಅದಕ್ಕೇ. ಸಾಕ್ಷಿಯಿಲ್ಲದೆ ಏನನ್ನೂ ಒಪ್ಪದ ನಾನು ಈ ಸಲ ಶಿವಮೊಗ್ಗದಿಂದ ಬಂದವಳೇ ಅದರ ವಯಸ್ಸನ್ನು ಪರೀಕ್ಷಿಸಲು ಕೂತಿದ್ದೆ.

ಈಗ ಸಾಕ್ಷಿ ಸಿಕ್ಕಿತ್ತು. ಆದರೆ, ತೀರಿಹೋದ ಗಂಡ ಸುಳ್ಳು ಹೇಳಿದ್ದರು ಎಂದು ಅಜ್ಜಿಗೆ ಹೇಗೆ ಹೇಳುವುದು?

"ಏನಾಯ್ತೇ ಮಾರಾಯ್ತಿ? ಚರ್ಚಾಸ್ಪರ್ಧೇಲಿ ಕಪ್ ತಗೊಂಡೋಳಿಗೆ ಮಾತೇ ನಿಂತೋಯ್ತಾ?" ಎಂದರು ಅಜ್ಜಿ.

ಹೇಳಿಬಿಟ್ಟೆ. ಅಜ್ಜಿ ಕನ್ನಡಕ ಏರಿಸಿಕೊಂಡು ಇಸವಿಯನ್ನು ತಾವೇ ಓದಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಅಯ್ಯೋ ಕಳ್ಳ! ದುಡ್ಡು ಕೊಟ್ಟು ಹೊಸಾದು ತಂದೆ ಅಂದ್ರೆ ಬೈತೀನಿ ಅಂತ ಹಳೇದು ಅಂದಿದಾರೆ! ಯಾರಿಗೂ ಹೆದರದ ಮನುಷ್ಯ ನನಗೆ ಹೆದರ್ತಿದ್ರು ಕಣೇ. ಒಂದಿನಾನೂ ತೋರಿಸ್ಕೊಳ್ಳಲಿಲ್ಲ ನೋಡು!"

ಸುಳ್ಳು ಸುಳ್ಳೇ ಅಲ್ಲವೇ ಎಂದು ವಾದಿಸಲು ನನ್ನ ಬಳಿ ಅಂಶಗಳಿದ್ದವು. ಅಜ್ಜಿ ಮಾತ್ರ ಪಿಸ್ತೂಲನ್ನು ಮಡಿಲಲ್ಲಿಟ್ಟುಕೊಂಡು ಅಜ್ಜನನ್ನು ಬೈಯುತ್ತಲೇ ಇದ್ದರು. ಎಷ್ಟೋ ವರ್ಷಗಳ ಮೇಲೆ ಗಂಡನೊಡನೆ ಜಗಳವಾಡಲು ಅವರಿಗೆ ಹೊಸ ಕಾರಣ ಸಿಕ್ಕಿತ್ತು. ನಾನು ನಡುವೆ ಬಾಯಿ ಹಾಕಲಿಲ್ಲ.